ಜಪಾನಿನ ಹಳ್ಳಿಗಳಲ್ಲಿ ಈಗ ಸುಗ್ಗಿ: ನೀವು ಏನು ತಿಂದಿರಿ, ಏನು ನೋಡಿದಿರಿ?

ತೆನ್ರ್ಯು ದಂಡೆ (ಸೆಪ್ಟೆಂಬರ್ 27)

ಎಲ್ಲರಿಗೂ ನಮಸ್ಕಾರ. ನಾನಿರುವುದು ನಗಾನೊ ಪ್ರಾಂತ್ಯದ ದಕ್ಷಿಣಕ್ಕೆ, ಇನಾ ಕಣಿವೆಯ ಒಂದು ಹಳ್ಳಿಯಲ್ಲಿ. ಇಲ್ಲಿಗೆ ಬಂದು ಏಳು ವರ್ಷವಾಯಿತು. ಒಂದು ಕಡೆ ಮಧ್ಯ ಆಲ್ಪ್ಸ್, ಇನ್ನೊಂದು ಕಡೆ ದಕ್ಷಿಣ ಆಲ್ಪ್ಸ್, ನಡುವೆ ತೆನ್ರ್ಯು ನದಿ.

ಸೆಪ್ಟೆಂಬರ್ ಬಂತು ಅಂದರೆ ಗೆಳೆಯರ ಫೋನ್ ಶುರು. "ಎಲೆ ಕೆಂಪಾಯ್ತಾ? ಯಾವಾಗ ಬರೋಣ?" ಎಲೆ ಕೆಂಪಾಗುವುದಕ್ಕೆ ಇನ್ನೂ ಒಂದು ತಿಂಗಳಾದರೂ ಬೇಕು. ಆದರೆ ನನ್ನ ಕಣ್ಣಿಗೆ ಇಲ್ಲಿನ ಶರತ್ಕಾಲ ಆಗಲೇ ಬಂದಾಗಿದೆ. ಅದು ಬರುವುದು ಮೇಪಲ್ ಎಲೆಯಲ್ಲಿ ಅಲ್ಲ, ಭತ್ತದಲ್ಲಿ.

ಮೊನ್ನೆ ಪಕ್ಕದ ಮನೆ ಅಜ್ಜಿಯ ಗದ್ದೆ ಕೊಯ್ಲಿಗೆ ಹೋಗಿದ್ದೆ. ದೊಡ್ಡ ಗದ್ದೆಗಳಿಗೆಲ್ಲ ಯಂತ್ರ ಬಂದಿದೆ. ಅದೇ ಕೊಯ್ದು, ಅದೇ ಬಡಿದು, ಕಾಳು ಸೀದಾ ಒಣಗಿಸುವ ಯಂತ್ರಕ್ಕೆ ಹೋಗುತ್ತದೆ. ಅಜ್ಜಿ ಮಾತ್ರ ಮನೆಗೆ ಬೇಕಾದ ಎರಡು ತುಂಡು ಗದ್ದೆಯ ಭತ್ತವನ್ನು ಬಿಸಿಲಿಗೇ ಒಣಗಿಸುತ್ತಾರೆ. ಗದ್ದೆಯಲ್ಲೇ ಮರದ ಗೂಟ ನೆಟ್ಟು ಅಡ್ಡಕ್ಕೆ ಉದ್ದನೆಯ ಗಳ ಕಟ್ಟುತ್ತಾರೆ. ಅದರ ಮೇಲೆ ತೆನೆ ಕೆಳಗಾಗಿ ಸಿವುಡುಗಳನ್ನು ತೂಗುಹಾಕುತ್ತಾರೆ. ಇದಕ್ಕೆ ನಮ್ಮ ಕಡೆ 'ಹಾಜೆಕಾಕೆ' ಅಂತಲೂ 'ಹಾಜೆ' ಅಂತಲೂ ಅನ್ನುತ್ತಾರೆ. ನಾನು ಸಿವುಡನ್ನು ಸರಿಯಾಗಿ ಅರ್ಧಕ್ಕೆ ಸೀಳಿ ಗಳದ ಮೇಲೆ ಇಟ್ಟೆ. ಅಜ್ಜಿ ತಲೆ ಆಡಿಸಿ ಅದನ್ನು ತೆಗೆದು ಮತ್ತೆ ಹಾಕಿದರು. ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ ಬರಬೇಕು. ಮುಂದಿನ ಸಿವುಡಿಗೆ ಅದು ತಿರುಗಾಮುರುಗಾ. ಆಗ ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ, ಹುಲ್ಲು ಒಣಗಿ ಸಣ್ಣಗಾದರೂ ಜಾರುವುದಿಲ್ಲ. ಎರಡು ವಾರ ಹೀಗೇ ಬಿಡಬೇಕು.

ಗದ್ದೆ ಬದುವಿನ ಮೇಲೆ ಹಿಗಾನ್‌ಬಾನಾ ಹೂ ಕೆಂಪಗೆ ಸಾಲು ಹಿಡಿದು ನಿಂತಿವೆ. ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ, ಹಗಲು ರಾತ್ರಿ ಸಮನಾಗುವ ಹೊತ್ತಿಗೆ, ಎಲೆಯೇ ಇಲ್ಲದೆ ಬರೀ ಕಾಂಡದ ತುದಿಯಲ್ಲಿ ಅರಳುವ ಹೂ. ಅದರ ಗೆಡ್ಡೆ ವಿಷ. ಇಲಿ, ಹೆಗ್ಗಣ ಬದು ಕೊರೆಯದಿರಲಿ ಅಂತ ಹಿಂದಿನವರು ನೆಟ್ಟಿದ್ದಂತೆ. ಮಕ್ಕಳನ್ನು ಕರೆದುಕೊಂಡು ಬರುವವರು ಅದನ್ನು ಮುಟ್ಟಲು ಬಿಡಬೇಡಿ.

ನಿಮ್ಮ ನಿಮ್ಮ ಊರಿನಲ್ಲಿ ಈಗ ಏನು ನಡೀತಿದೆ? ಜಪಾನಿನಲ್ಲಿ ಎಲ್ಲೇ ಇದ್ದರೂ ಬರೆಯಿರಿ.

ಟೋಕಿಯೊ ಸಾರು (ಸೆಪ್ಟೆಂಬರ್ 27)

ಅಕ್ಕಾ, ಓದಿ ಹೊಟ್ಟೆ ಹಸಿಯಿತು. ನಮ್ಮ ಅಪಾರ್ಟ್‌ಮೆಂಟ್ ಹತ್ತಿರ ಶರತ್ಕಾಲ ಅಂದರೆ ಕಿನ್‌ಮೊಕುಸೆ ಹೂವಿನ ವಾಸನೆ, ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಗೆಣಸು ಸುಡುವ ಪೆಟ್ಟಿಗೆ. ಅಷ್ಟೇ.

ಒಂದು ಪ್ರಶ್ನೆ ಇದೆ. ನಾವು ಮನೆಯಲ್ಲಿ ನಾಲ್ಕೂ ಜನ ಸಸ್ಯಾಹಾರಿಗಳು. ಈ ಕಾಲದ ಅಡುಗೆ ಅಂದರೆ ಎಲ್ಲರೂ ಸಾನ್ಮಾ ಮೀನು ಅನ್ನುತ್ತಾರೆ. ಮೀನು ಕಾಣದ ಬಟ್ಟಲಲ್ಲೂ ದಾಶಿ ರಸ ಇರುತ್ತದೆ, ಅದಕ್ಕೆ ಒಣಮೀನು. ನಮ್ಮಂಥವರು ಈ ಕಾಲದಲ್ಲಿ ಏನು ತಿನ್ನಬಹುದು? ಮಕ್ಕಳಿಗೆ ಇಲ್ಲಿನ ಊಟದ ಮೇಲೆ ಪ್ರೀತಿ ಬರಲಿ ಅಂತ ನನಗೆ ತುಂಬಾ ಆಸೆ.

ತೆನ್ರ್ಯು ದಂಡೆ (ಸೆಪ್ಟೆಂಬರ್ 27)

ಖಂಡಿತ ಇದೆ. ನನ್ನನ್ನು ಕೇಳಿದರೆ ಸಸ್ಯಾಹಾರಿಗಳಿಗೆ ವರ್ಷದಲ್ಲಿ ಇದೇ ಒಳ್ಳೆ ಕಾಲ.

ಮೊದಲನೆಯದು ಶಿನ್‌ಮಾಯ್, ಅಂದರೆ ಹೊಸ ಅಕ್ಕಿ. ಚೀಲದ ಮೇಲೆ '新米' ಅಂತ ಅಚ್ಚಾಗಿರುತ್ತದೆ. ಆ ವರ್ಷ ಬೆಳೆದು ಡಿಸೆಂಬರ್ 31ರೊಳಗೆ ಚೀಲಕ್ಕೆ ತುಂಬಿದ ಅಕ್ಕಿಗೆ ಮಾತ್ರ ಹಾಗೆ ಬರೆಯಬಹುದು. ನಾನು ಹೊಸ ಅಕ್ಕಿಗೆ ನೀರನ್ನು ಒಂದು ಚಮಚದಷ್ಟು ಕಡಿಮೆ ಇಡುತ್ತೇನೆ. ಮುಚ್ಚಳ ತೆಗೆದಾಗ ಒಂದೊಂದು ಅಗುಳೂ ಎದ್ದು ನಿಂತು ಹೊಳೆಯುತ್ತಿರುತ್ತದೆ. ಮೊದಲ ದಿನ ಅದಕ್ಕೆ ಸಾರೂ ಬೇಡ, ಪಲ್ಯವೂ ಬೇಡ. ಚೂರು ಉಪ್ಪು ಹಾಕಿ ಉಂಡೆ ಕಟ್ಟಿ ಕೊಡಿ, ಮಕ್ಕಳು ತಿನ್ನುತ್ತಾರೆ.

ಎರಡನೆಯದು ಕುರಿ ಗೋಹಾನ್. ಹೆಸರು ಕೇಳಿ ಹೆದರಬೇಡಿ, ಇಲ್ಲಿ ಕುರಿ ಅಂದರೆ ಚೆಸ್ಟ್‌ನಟ್ ಕಾಯಿ, ಗೋಹಾನ್ ಅಂದರೆ ಅನ್ನ. ಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಗಟ್ಟಿ ಸಿಪ್ಪೆ ಮೆತ್ತಗಾಗುತ್ತದೆ. ಬುಡದ ಕಡೆಯಿಂದ ಚಾಕು ಹಾಕಿ ಎಳೆಯಿರಿ, ಆಮೇಲೆ ಒಳಗಿನ ತೆಳು ಸಿಪ್ಪೆಯನ್ನೂ ಹೆರೆಯಿರಿ. ಬೆರಳು ನೋಯುತ್ತದೆ, ನಿಜ. ಅಕ್ಕಿ, ಉಪ್ಪು, ಒಂದು ತುಂಡು ಕೊಂಬು, ಮೇಲೆ ಕಾಯಿ. ಕೊಂಬು ಅಂದರೆ ಒಣಗಿಸಿದ ಕಡಲ ಪಾಚಿ. ಅದರಿಂದಲೇ ಒಳ್ಳೆ ರಸ ಬಿಡುತ್ತದೆ, ಮೀನು ಬೇಕಿಲ್ಲ. ಒಣ ಶಿಟಾಕೆ ಅಣಬೆ ನೆನೆಸಿದ ನೀರೂ ಅಷ್ಟೇ ಚೆನ್ನಾಗಿರುತ್ತದೆ.

ಮೂರನೆಯದು ಒಹಾಗಿ. ಅಂಟಕ್ಕಿ ಅನ್ನದ ಉಂಡೆಗೆ ಸುತ್ತಲೂ ಅಜುಕಿ ಕಾಳಿನ ಹೂರಣ ಮೆತ್ತಿರುತ್ತಾರೆ. ನಮ್ಮ ಹೋಳಿಗೆಯ ಹೂರಣ ಒಳಗಿನಿಂದ ಹೊರಗೆ ಬಂದಂತೆ ಅಂದುಕೊಳ್ಳಿ. ಹಿಗಾನ್ ವಾರದಲ್ಲಿ, ಅಂದರೆ ಹಗಲು ರಾತ್ರಿ ಸಮನಾಗುವ ದಿನದ ಹಿಂದೆ ಮೂರು ದಿನ ಮುಂದೆ ಮೂರು ದಿನ, ಇಲ್ಲಿನವರು ಹಿರಿಯರ ಸಮಾಧಿ ತೊಳೆದು ಹೂವಿಟ್ಟು ಇದನ್ನು ಎಡೆ ಇಡುತ್ತಾರೆ. ನಮ್ಮಲ್ಲಿ ಪಿತೃಪಕ್ಷವೂ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬರುತ್ತದೆ, ಅಲ್ವಾ? ಮೊದಲ ವರ್ಷ ಅಜ್ಜಿ ಡಬ್ಬಿಯಲ್ಲಿ ಒಹಾಗಿ ತಂದುಕೊಟ್ಟಾಗ ನಾನು ಬಾಗಿಲಲ್ಲೇ ನಿಂತು ಒಂದು ತಿಂದೆ. ಅಮ್ಮನ ನೆನಪಾಗಿ ಕಣ್ಣಲ್ಲಿ ನೀರು ಬಂತು.

ಗೆಣಸು ಸುಡುವಾಗ ಆತುರ ಬೇಡ. ಓವನ್ 160 ಡಿಗ್ರಿಯಲ್ಲಿ ಒಂದೂವರೆ ಗಂಟೆ ಇಡಿ. ಗೆಣಸಿನ ಒಳಗೆ ನಿಧಾನಕ್ಕೆ ಬಿಸಿ ಏರಿದರೆ ಅದರಲ್ಲಿರುವ ಪಿಷ್ಟ ಸಕ್ಕರೆಯಾಗುವುದಕ್ಕೆ ಸಮಯ ಸಿಗುತ್ತದೆ. ಮೈಕ್ರೋವೇವ್‌ನಲ್ಲಿ ಆ ಸಿಹಿ ಬರುವುದಿಲ್ಲ. ಬೆನಿ ಹರುಕಾ ತಳಿ ಆದರೆ ಜೇನಿನಂತೆ ಒಸರುತ್ತದೆ.

ತೀರ್ಥಹಳ್ಳಿ ಗದ್ದೆ (ಸೆಪ್ಟೆಂಬರ್ 28)

ನಾನು ಜಪಾನ್ ನೋಡಿದವನಲ್ಲ. ತಂಗಿ ಅಲ್ಲಿದ್ದಾಳೆ, ಅವಳು ಈ ಪುಟ ಕಳಿಸಿದಳು. ಭತ್ತ ಬೆಳೆಯುವವನು, ಅದಕ್ಕೇ ಕೇಳುತ್ತೇನೆ. ತೆನೆ ಕೆಳಗೆ ಮಾಡಿ ಎರಡು ವಾರ ತೂಗುಹಾಕಿದರೆ ಕಾಳು ಉದುರುವುದಿಲ್ಲವೇ ತಂಗೀ? ನಮ್ಮ ಕೆಲವು ತಳಿ ಮುಟ್ಟಿದರೆ ಉದುರುತ್ತವೆ. ನಾವು ಕೊಯ್ದು ಗದ್ದೆಯಲ್ಲೇ ಹಾಸಿ, ಹೊರೆ ಕಟ್ಟಿ, ಗೊಣಬೆ ಹಾಕಿ, ಆಮೇಲೆ ಕಣದಲ್ಲಿ ಬಡಿಯುತ್ತಿದ್ದೆವು. ಮಳೆ ಬಂದರೆ ಏನು ಮಾಡುತ್ತಾರೆ?

ತೆನ್ರ್ಯು ದಂಡೆ (ಸೆಪ್ಟೆಂಬರ್ 28)

ಅಣ್ಣಾ, ಇಲ್ಲಿನ ಗಿಡ್ಡ ಕಾಳಿನ ತಳಿಗಳು ತೆನೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ, ಉದುರುವುದು ಕಡಿಮೆ. ಸಣ್ಣ ಮಳೆ ಬಂದರೆ ತೆನೆ ತುದಿಯಿಂದ ನೀರು ಇಳಿದುಹೋಗುತ್ತದೆ, ಗಾಳಿಗೆ ಮತ್ತೆ ಒಣಗುತ್ತದೆ. ಚಂಡಮಾರುತ ಬಂದರೆ ಗಳವೇ ಮಲಗಿಬಿಡುತ್ತದೆ. ನಾನು ಬಂದ ಎರಡನೇ ವರ್ಷ ಹಾಗಾಯಿತು. ಊರವರೆಲ್ಲ ಸೇರಿ ಕೆಸರಿನಿಂದ ಒಂದೊಂದೇ ಸಿವುಡು ಎತ್ತಿ, ಕೊಡವಿ, ಮತ್ತೆ ಕಟ್ಟಿದೆವು.

ತೀರ್ಥಹಳ್ಳಿ ಗದ್ದೆ (ಸೆಪ್ಟೆಂಬರ್ 28)

ಕೆಸರಿನಿಂದ ಎತ್ತಿದ್ದು ಕೇಳಿ ನಮ್ಮ ಊರೇ ಕಣ್ಣೆದುರು ಬಂತು. ನಮ್ಮಲ್ಲಿ ಈಗಿನ್ನೂ ಭತ್ತ ಬಸಿರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಬಯಕೆಯ ಊಟ ಇಡಬೇಕು, ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುವ ಕೆಲಸ ಮನೆಯಲ್ಲಿ ಶುರುವಾಗಿದೆ.

ತೆನ್ರ್ಯು ದಂಡೆ (ಸೆಪ್ಟೆಂಬರ್ 28)

ಇಲ್ಲೂ ಹುಣ್ಣಿಮೆ ಹಬ್ಬ ಇದೆ ಅಣ್ಣಾ. ಜೂಗೊಯಾ ಅನ್ನುತ್ತಾರೆ, ಹದಿನೈದನೇ ರಾತ್ರಿ. 2025ರಲ್ಲಿ ಅದೂ ನಿಮ್ಮ ಭೂಮಿ ಹುಣ್ಣಿಮೆಯೂ ಅಕ್ಟೋಬರ್ ಮೊದಲ ವಾರದ ಒಂದೇ ಹುಣ್ಣಿಮೆಗೆ ಬಂದಿದ್ದವು. ಅಂಗಳದ ಕಡೆಯ ಜಗಲಿಯಲ್ಲಿ ಸುಸುಕಿ ಹುಲ್ಲಿನ ತೆನೆ, ಅಕ್ಕಿ ಹಿಟ್ಟಿನ ಬಿಳಿ ಉಂಡೆ, ಹೊಸ ಕೆಸುವಿನ ಗೆಡ್ಡೆ ಇಡುತ್ತಾರೆ. ಇದಕ್ಕೆ ಗೆಡ್ಡೆಯ ಹುಣ್ಣಿಮೆ ಅಂತಲೂ ಹೆಸರಿದೆ. ಸುಮಾರು ಒಂದು ತಿಂಗಳ ಮೇಲೆ ಹದಿಮೂರನೇ ರಾತ್ರಿ ಅಂತ ಇನ್ನೊಂದು ಬರುತ್ತದೆ, ಅದು ಚೆಸ್ಟ್‌ನಟ್ಟಿನದು. ಒಂದನ್ನು ನೋಡಿದವರು ಎರಡನೆಯದನ್ನೂ ನೋಡಬೇಕು, ಒಂದನ್ನೇ ನೋಡಿದರೆ ಒಳ್ಳೆಯದಲ್ಲ ಅಂತ ಅಜ್ಜಿ ಪ್ರತಿ ವರ್ಷ ನನಗೆ ನೆನಪಿಸುತ್ತಾರೆ.

ಅಕ್ಟೋಬರ್ ಪ್ರವಾಸ (ಅಕ್ಟೋಬರ್ 2)

ನಮಸ್ತೆ. ಅಪ್ಪ ಅಮ್ಮನನ್ನು ಕರೆದುಕೊಂಡು ಅಕ್ಟೋಬರ್ ಮೂರನೇ ವಾರ ಬರುತ್ತಿದ್ದೇವೆ. ಕ್ಯೋಟೊದಲ್ಲಿ ಎಲೆ ಇನ್ನೂ ಹಸಿರು ಅಂತ ಎಲ್ಲರೂ ಹೇಳುತ್ತಿದ್ದಾರೆ. ಟಿಕೆಟ್ ಬದಲಿಸಲು ಆಗುವುದಿಲ್ಲ. ತುಂಬಾ ಬೇಜಾರಾಗಿದೆ. ಅಮ್ಮನಿಗೆ ಮೊಣಕಾಲು ನೋವು, ಜಾಸ್ತಿ ನಡೆಯಲಾಗದು.

ತೆನ್ರ್ಯು ದಂಡೆ (ಅಕ್ಟೋಬರ್ 2)

ಬೇಜಾರು ಬೇಡ. ಕ್ಯೋಟೊದಲ್ಲಿ ಎಲೆ ಕೆಂಪಾಗುವುದು ನವೆಂಬರ್ ಕೊನೆಗೆ. ಬಣ್ಣ ಬೆಟ್ಟದ ತುದಿಯಿಂದ ಕೆಳಗಿಳಿಯುತ್ತಾ ಬರುತ್ತದೆ. ಹಾಗಾಗಿ ನೀವು ಬರುವ ವಾರ ಎತ್ತರದ ಜಾಗಕ್ಕೆ ಬನ್ನಿ. ನಮ್ಮ ನಗಾನೊ ಪ್ರಾಂತ್ಯದ ಕಾಮಿಕೋಚಿ ಕಣಿವೆ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಸ್ವಂತ ಕಾರು ಒಳಗೆ ಬಿಡುವುದಿಲ್ಲ, ಬಸ್ಸು ಅಥವಾ ಟ್ಯಾಕ್ಸಿಯೇ. ನದಿ ಪಕ್ಕದ ದಾರಿ ಮಟ್ಟಸವಾಗಿದೆ, ಅಮ್ಮ ನಿಧಾನಕ್ಕೆ ನಡೆಯಬಹುದು. 1915ರಲ್ಲಿ ಯಾಕೆದಾಕೆ ಜ್ವಾಲಾಮುಖಿ ಸಿಡಿದು, ಕೆಸರು ನದಿಗೆ ಅಡ್ಡ ಬಿದ್ದು ಆದ ತಾಯ್ಶೊ ಕೊಳ ಅಲ್ಲಿದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ಕರಾಮಾತ್ಸು ಮರಗಳು ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ನವೆಂಬರ್ 15ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಏಪ್ರಿಲ್‌ಗೆ.

ಆಮೇಲೆ ಒಬುಸೆಗೆ ಹೋಗಿ. ನಗಾನೊ ಪ್ರಾಂತ್ಯದ ಅತಿ ಚಿಕ್ಕ ಊರಾಡಳಿತ ಅದು, ಇಡೀ ಊರು ಚೆಸ್ಟ್‌ನಟ್. ಚೆಸ್ಟ್‌ನಟ್ ಹಾಕಿ ಹಬೆಯಲ್ಲಿ ಬೇಯಿಸಿದ ಅಂಟಕ್ಕಿ ಅನ್ನ ಸಿಗುತ್ತದೆ. ಚಿತ್ರಕಾರ ಹೊಕುಸಾಯ್ 80 ದಾಟಿದ ಮೇಲೆ ಇಲ್ಲಿಗೆ ಬಂದು ಕೆಲಸ ಮಾಡಿದರು. ಗಾನ್‌ಶೊಇನ್ ದೇವಾಲಯದ ಚಾವಣಿಯಲ್ಲಿ ಅವರದೊಂದು ದೊಡ್ಡ ಫೀನಿಕ್ಸ್ ಹಕ್ಕಿ ಇದೆ. ಕುಳಿತೇ ನೋಡಬಹುದು, ಮೊಣಕಾಲಿಗೆ ತೊಂದರೆ ಇಲ್ಲ.

ಒಂದು ಮಾತು ನೆನಪಿಡಿ. ಸಂಜೆ ನಾಲ್ಕೂವರೆಗೆಲ್ಲ ರೂಮಿನ ಕಡೆ ಹೊರಡಿ. "ಶರತ್ಕಾಲದ ಸೂರ್ಯ ಬಾವಿಗೆ ಬಿಟ್ಟ ಕೊಡ" ಅಂತ ಇಲ್ಲಿ ಗಾದೆ. ಹಗ್ಗ ಜಾರಿ ಕೊಡ ಬಿದ್ದಂತೆ ಕತ್ತಲಾಗುತ್ತದೆ.

ಸೆಂದೈ ವಿದ್ಯಾರ್ಥಿ (ಅಕ್ಟೋಬರ್ 5)

ನಮ್ಮ ತೊಹೊಕು, ಅಂದರೆ ಜಪಾನಿನ ಈಶಾನ್ಯದ ಕಡೆಯ ಇಮೊನಿ ಬಗ್ಗೆ ಯಾರೂ ಬರೆದಿಲ್ಲ! ಕೆಸುವಿನ ಗೆಡ್ಡೆಯನ್ನು ನದಿ ದಂಡೆಯಲ್ಲಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಎಲ್ಲರೂ ಸೇರಿ ತಿನ್ನುವುದು. ಈ ಕಾಲದಲ್ಲಿ ಇಲ್ಲಿನ ಅಂಗಡಿಗಳ ಮುಂದೆ ಸೌದೆ ಕಟ್ಟು ಜೋಡಿಸಿಡುತ್ತಾರೆ, ಪಾತ್ರೆಯನ್ನೂ ಎರವಲು ಕೊಡುತ್ತಾರೆ. ಸೆಂದೈಯಲ್ಲಿ ಹಂದಿಮಾಂಸ, ಮಿಸೊ (ಹುಳಿಸಿದ ಸೋಯಾ ಕಾಳಿನ ಮುದ್ದೆ). ಯಾಮಾಗಾತಾ ಊರಿನವರು ದನದ ಮಾಂಸ, ಸೋಯಾ ಸಾಸ್. ಯಾವುದು ಸರಿ ಅಂತ ಪ್ರತಿ ವರ್ಷ ವಾದ. ಯಾಮಾಗಾತಾದಲ್ಲಿ ಸೆಪ್ಟೆಂಬರ್‌ನಲ್ಲಿ ನಡೆಯುವ ಹಬ್ಬದಲ್ಲಿ 6.5 ಮೀಟರ್ ಅಗಲದ ಕಡಾಯಿ ಇಟ್ಟು, ಜೆಸಿಬಿಯಂಥ ಯಂತ್ರದಿಂದ ಬಡಿಸುತ್ತಾರೆ.

ನಾನು ಮಾಂಸ ತಿನ್ನುವುದಿಲ್ಲ. ಲ್ಯಾಬಿನವರು ನನಗೆ ಬೇರೆ ಸಣ್ಣ ಪಾತ್ರೆ ಇಟ್ಟರು. ಗೆಡ್ಡೆ, ಮಾಯ್‌ತಾಕೆ ಅಣಬೆ, ನೆಗಿ ಈರುಳ್ಳಿ, ಹುರಿದ ತೋಫು, ಕೊಂಬು ರಸ, ಮಿಸೊ. ಗೆಡ್ಡೆ ನಾಲಿಗೆ ಮೇಲೆ ಬೆಣ್ಣೆಯಂತೆ ಜಾರಿತು. ಕಡೆಗೆ ಆ ಪಾತ್ರೆಗೇ ಎಲ್ಲರೂ ಚಮಚ ಹಾಕಿದರು. ನದಿ ಆಚೆ ಗುಡ್ಡದಲ್ಲಿ ಎಲೆ ಹಳದಿಯಾಗುತ್ತಿತ್ತು. ಈ ದೇಶಕ್ಕೆ ಬಂದ ಮೇಲೆ ನಾನು ಒಬ್ಬನೇ ಅಲ್ಲ ಅಂತ ಮೊದಲ ಸಲ ಅನಿಸಿದ್ದು ಆವತ್ತೇ.

ನಗೋಯಾ ಅಮ್ಮ (ಅಕ್ಟೋಬರ್ 19)

ಕಾಕಿ, ಅಂದರೆ ಪರ್ಸಿಮನ್ ಹಣ್ಣಿನ ವಿಷಯಕ್ಕೆ ಬರೋಣ. ಹೋದ ವರ್ಷ ಒಂದು ಹಳ್ಳಿಯ ದಾರಿಬದಿ ಕಟ್ಟೆಯಲ್ಲಿ ಹಣ್ಣಿನ ಚೀಲ ಇಟ್ಟಿದ್ದರು. ಮಾರುವವರು ಯಾರೂ ಇಲ್ಲ, 100 ಯೆನ್ ಡಬ್ಬಿಗೆ ಹಾಕಿ ತೆಗೆದುಕೊಳ್ಳುವುದು. ಮನೆಗೆ ತಂದು ಮಗಳಿಗೆ ಹೆಚ್ಚಿಕೊಟ್ಟೆ. ಬಾಯೆಲ್ಲ ಒಗರು ಕಟ್ಟಿ ಮಗು ಅತ್ತುಬಿಟ್ಟಿತು. ಅದು ಶಿಬುಗಾಕಿ, ಒಣಗಿಸುವ ಜಾತಿ. ಚೀಟಿಯಲ್ಲಿ ಬರೆದಿತ್ತು, ನನಗೆ ಓದಲು ಬರಲಿಲ್ಲ. ಉಳಿದದ್ದನ್ನು ಒಣಗಿಸಿದೆ, ಒಂದು ವಾರಕ್ಕೆ ಬೂಷ್ಟು. ಎಲ್ಲಿ ತಪ್ಪಾಯಿತು?

ತೆನ್ರ್ಯು ದಂಡೆ (ಅಕ್ಟೋಬರ್ 19)

ಬಹುಶಃ ಬೇಗ ಹಾಕಿದಿರಿ. ಇಲ್ಲಿ ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಚಳಿ ಬಿದ್ದ ಮೇಲೆ ಹಾಕುತ್ತಾರೆ. ತೊಟ್ಟಿನ ಹತ್ತಿರ ಕಡ್ಡಿಯನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಉಳಿಸಿಕೊಳ್ಳಿ, ದಾರ ಕಟ್ಟಲು. ಸಿಪ್ಪೆ ಪೂರ್ತಿ ತೆಗೆದು, ಕುದಿಯುವ ನೀರಿನಲ್ಲಿ ಐದಾರು ಸೆಕೆಂಡು ಅದ್ದಿ ತೆಗೆಯಿರಿ. ಹಣ್ಣಿಗೆ ಹಣ್ಣು ತಾಗಬಾರದು. ಮಳೆ ಬೀಳದ, ಗಾಳಿ ಆಡುವ ಸೂರಿನ ಕೆಳಗೆ ತೂಗುಹಾಕಿ. ಒಂದು ವಾರ ಹತ್ತು ದಿನಕ್ಕೆ ಮೇಲ್ಮೈ ಒಣಗಿ ತೊಗಲಿನಂತಾಗುತ್ತದೆ. ಆಗ ಕೈ ತೊಳೆದುಕೊಂಡು ಒಂದೊಂದನ್ನೇ ಮೆತ್ತಗೆ ಹಿಸುಕಬೇಕು. ಮಗುವಿನ ಕೆನ್ನೆ ಸವರಿದಷ್ಟು ಹಗುರ. ಒಳಗಿನ ನೀರು ಹೊರಕ್ಕೆ ಬರುತ್ತದೆ, ಹಣ್ಣು ಒಂದೇ ಸಮ ಒಣಗುತ್ತದೆ. ಒಗರು ಎಲ್ಲಿಗೂ ಹೋಗಿರುವುದಿಲ್ಲ, ನಾಲಿಗೆಗೆ ಕರಗದ ಹಾಗೆ ಗಟ್ಟಿಯಾಗಿರುತ್ತದೆ ಅಷ್ಟೇ. ಚಳಿ ಜಾಸ್ತಿಯಾದಾಗ ಮೈಮೇಲೆ ಬಿಳಿ ಪುಡಿ ಬರುತ್ತದೆ. ಅದು ಬೂಷ್ಟಲ್ಲ, ಹಣ್ಣಿನದೇ ಸಕ್ಕರೆ.

ನಮ್ಮ ಕಣಿವೆಯ ಇಚಿದಾಗಾಕಿ ಹೆಸರುವಾಸಿ. ಬೆಳಗ್ಗೆ ತೆನ್ರ್ಯು ನದಿಯಿಂದ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು. ಹಾಗಾಗಿ ಹಣ್ಣು ಬಿರಿಯದೆ ನಿಧಾನಕ್ಕೆ ಒಣಗುತ್ತದೆ. ನವೆಂಬರ್‌ನಲ್ಲಿ ಈ ಕಡೆ ಬಂದರೆ ಮನೆಮನೆಯ ಮುಂದೆ ಕಿತ್ತಳೆ ಬಣ್ಣದ ಪರದೆ ಇಳಿಬಿಟ್ಟಂತೆ ಕಾಣುತ್ತದೆ.

ಇನ್ನೊಂದು ಪದ್ಧತಿ ನನಗೆ ಬಹಳ ಇಷ್ಟ. ಹಣ್ಣು ಕೀಳುವಾಗ ಮರದ ತುದಿಯಲ್ಲಿ ಒಂದನ್ನು ಬಿಡುತ್ತಾರೆ. ಕಿಮಾಮೊರಿ, ಮರ ಕಾಯುವ ಹಣ್ಣು. ಮುಂದಿನ ವರ್ಷವೂ ಚೆನ್ನಾಗಿ ಬಿಡಲಿ ಅಂತ, ಹಕ್ಕಿಗೂ ಒಂದು ಪಾಲಿರಲಿ ಅಂತ. ಎಲೆಯೆಲ್ಲ ಉದುರಿ ಹಿಂದೆ ಬೆಟ್ಟದಲ್ಲಿ ಮೊದಲ ಹಿಮ ಬಿದ್ದಿರುವಾಗ ಆ ಒಂದು ಹಣ್ಣು ಮಾತ್ರ ಕೆಂಪಗೆ ಕಾಣುತ್ತಿರುತ್ತದೆ.

ಅಕಿತಾದಿಂದ (ಅಕ್ಟೋಬರ್ 20)

ದಯವಿಟ್ಟು ಆ ಹಣ್ಣನ್ನು ಬಿಡಬೇಡಿ. ನಿಮ್ಮ ಮಾತಿನ ಸೊಗಸು ಗೊತ್ತಾಗುತ್ತದೆ, ಆದರೂ ಹೇಳಲೇಬೇಕು. ಕಾಡಿನಲ್ಲಿ ಬೂನಾ ಮರದ ಕಾಯಿ ಕೈಕೊಟ್ಟ ವರ್ಷ ಕರಡಿಗಳು ಊರಿಗೆ ಇಳಿಯುತ್ತವೆ. ಬರುವುದು ಚೆಸ್ಟ್‌ನಟ್‌ಗೆ, ಕಾಕಿ ಹಣ್ಣಿಗೆ. 2023ರ ಸಾಲಿನಲ್ಲಿ ಇಡೀ ಜಪಾನಿನಲ್ಲಿ 200ಕ್ಕೂ ಹೆಚ್ಚು ಜನ ಕರಡಿ ದಾಳಿಗೆ ಸಿಕ್ಕರು, ಅವರಲ್ಲಿ ಹೆಚ್ಚಿನವರು ನಮ್ಮ ಈಶಾನ್ಯದ ಕಡೆಯವರೇ. ನಮ್ಮ ಬೀದಿಯ ಕೊನೆಯ ಮನೆಯ ಕಾಕಿ ಮರದಲ್ಲಿ ಹಗಲು ಹೊತ್ತಿನಲ್ಲೇ ಕರಡಿ ಕೂತಿದ್ದನ್ನು ನಾನು ನೋಡಿದ್ದೇನೆ. ಮಗ ನಡೆದುಕೊಂಡು ಶಾಲೆಗೆ ಹೋಗುವ ದಾರಿ ಅದು. ಈಗ ಅವನ ಚೀಲಕ್ಕೆ ಗಂಟೆ ಕಟ್ಟಿದ್ದೇನೆ.

ನಗೋಯಾ ಅಮ್ಮ (ಅಕ್ಟೋಬರ್ 20)

ಒಂದು ಹಣ್ಣಿಗೆ ಕರಡಿ ಬರುತ್ತದಾ? ಬರುವುದು ಯಾರೂ ಕೀಳದೆ ಬಿಟ್ಟ ಮರಗಳಿಗೆ ಅಲ್ವಾ? ಹಳ್ಳಿಗಳಲ್ಲಿ ಮಕ್ಕಳು ಊರು ಬಿಟ್ಟಿದ್ದಾರೆ, ಮುದುಕರಿಗೆ ಏಣಿ ಹತ್ತಲಾಗುವುದಿಲ್ಲ. ಮರದ ತುಂಬ ಹಣ್ಣು ಹಾಗೇ ಕೊಳೆಯುತ್ತದೆ. ಆ ಚೆಂದದ ಫೋಟೋಗಳಲ್ಲಿ ಕಾಣುವ ಹಣ್ಣು ತುಂಬಿದ ಮರಗಳಲ್ಲಿ ಎಷ್ಟೋ ಮನೆ ಖಾಲಿ ಇರುವ ಮರಗಳು.

ಅಕಿತಾದಿಂದ (ಅಕ್ಟೋಬರ್ 20)

ಒಪ್ಪುತ್ತೇನೆ. ಆದರೆ ಒಂದು ಸಲ ರುಚಿ ಕಂಡ ಕರಡಿ ಮತ್ತೆ ಬಂದು ಹುಡುಕುತ್ತದೆ, ಅದಕ್ಕೆ ಒಂದು ಹಣ್ಣು, ನೂರು ಹಣ್ಣು ಅಂತ ಲೆಕ್ಕ ಗೊತ್ತಿಲ್ಲ. ಕೀಳಲಾಗದವರಿಗೆ ನಾವು ಕಿತ್ತುಕೊಡೋಣ. ನಮ್ಮ ಕನ್ನಡದ ಆರು ಮನೆಯವರು ಹೋದ ಭಾನುವಾರ ಹೋಗಿ ನಾಲ್ಕು ಮರ ಖಾಲಿ ಮಾಡಿದೆವು. ಮನೆಯವರು ಅರ್ಧ ಹಣ್ಣು ನಮಗೇ ಹೊರಿಸಿ ಕಳಿಸಿದರು.

ತೆನ್ರ್ಯು ದಂಡೆ (ನವೆಂಬರ್ 9)

ಅಕಿತಾದ ಅಣ್ಣಾ, ನಿಮ್ಮ ಮಾತು ಮೂರು ವಾರ ತಲೆಯಲ್ಲೇ ಇತ್ತು. ಮೊನ್ನೆ ಸಂಜೆ ನಮ್ಮ ಊರಿನ ಧ್ವನಿವರ್ಧಕದಲ್ಲೂ ಕೇಳಿಸಿತು, ಮೇಲಿನ ಕೇರಿಯಲ್ಲಿ ಕರಡಿ ಕಾಣಿಸಿದೆ ಅಂತ. ಗದ್ದೆಯಲ್ಲಿ ಭತ್ತದ ಹೊಟ್ಟು ಗುಡ್ಡೆ ಹಾಕಿ ಸುಡುತ್ತಿದ್ದರು, ಹೊಗೆ ನೆಲಕ್ಕೇ ಅಂಟಿಕೊಂಡು ಹರಿಯುತ್ತಿತ್ತು. ಆ ವಾಸನೆ ನನಗೆ ಪ್ರಾಣ. ಆವತ್ತು ಮಾತ್ರ ಹೆದರಿಕೆಯಾಯಿತು.

ಮಾರನೇ ದಿನ ಅಜ್ಜಿಯ ಮರದ ಹಣ್ಣು ಕಿತ್ತೆವು. ತುದಿ ಸೀಳಿದ ಬಿದಿರಿನ ಗಳದಲ್ಲಿ ಕೊಂಬೆ ಸಿಕ್ಕಿಸಿ ತಿರುವಿದರೆ ಚಟ್ಟನೆ ಮುರಿಯುತ್ತದೆ. ಕೊನೆಗೆ ತುದಿಯ ಒಂದು ಉಳಿಯಿತು. ನಾನು ಗಳ ಕೆಳಗಿಟ್ಟು ಅಜ್ಜಿಯ ಮುಖ ನೋಡಿದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆ ಹಣ್ಣನ್ನು ಅವರು ಕಿತ್ತವರಲ್ಲ. ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ "ಕಿತ್ತುಬಿಡು, ಶಾಲೆ ಮಕ್ಕಳು ಇದೇ ದಾರಿ" ಅಂದರು.

ಆ ಹಣ್ಣನ್ನು ಬೇರೆ ದಾರಕ್ಕೆ ಕಟ್ಟಿದ್ದೇವೆ. ಕರಡಿಯ ಮೂಗಿಗೆ ಸಿಗದಿರಲಿ ಅಂತ ಈ ವರ್ಷ ಎಲ್ಲವನ್ನೂ ಸೂರಿನ ಕೆಳಗಲ್ಲ, ಅಟ್ಟದ ಮೇಲೆ ಕಿಟಕಿ ತೆರೆದು ತೂಗುಹಾಕಿದ್ದೇವೆ.

ಅಕಿತಾದಿಂದ (ನವೆಂಬರ್ 9)

ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಅಕ್ಟೋಬರ್ ಪ್ರವಾಸ (ನವೆಂಬರ್ 12)

ವಾಪಸ್ ಬೆಂಗಳೂರಿಗೆ ಬಂದೆವು. ಕಾಮಿಕೋಚಿಯಲ್ಲಿ ಬೆಟ್ಟದ ತುದಿಗೆ ಬಿಳಿ, ನಡುವೆ ಕೆಂಪು, ಕೆಳಗೆ ಇನ್ನೂ ಹಸಿರು. ಅಮ್ಮ ನದಿ ಪಕ್ಕದ ಬೆಂಚಿನಲ್ಲಿ ಒಂದು ಗಂಟೆ ಕೂತಿದ್ದರು. ಆದರೆ ಮನೆಗೆ ಬಂದ ಮೇಲೆ ಅವರು ಎಲ್ಲರಿಗೂ ಹೇಳುತ್ತಿರುವುದು ರೈಲಿನ ಕಿಟಕಿಯಿಂದ ಕಂಡ ಭತ್ತದ ಸಿವುಡಿನ ಸಾಲು, ಒಬುಸೆಯ ಚೆಸ್ಟ್‌ನಟ್ ಅನ್ನ. ತುಂಬಾ ಥ್ಯಾಂಕ್ಸ್ ಅಕ್ಕಾ.

ಟೋಕಿಯೊ ಸಾರು (ಡಿಸೆಂಬರ್ 7)

ನಾವೂ ಬಾಲ್ಕನಿಯಲ್ಲಿ ಹನ್ನೆರಡು ಹಣ್ಣು ಕಟ್ಟಿದ್ದೆವು. ಎರಡಕ್ಕೆ ಬೂಷ್ಟು, ಹತ್ತು ಚೆನ್ನಾಗಿ ಬಂದವು. ದೊಡ್ಡ ಮಗ ದಿನಾ ಶಾಲೆಯಿಂದ ಬಂದು ಕೈ ತೊಳೆದು ಅವನ್ನು ಹಿಸುಕುತ್ತಿದ್ದ. ಅಕ್ಕಾ, ಆ ತುದಿಯ ಹಣ್ಣು ಏನಾಯಿತು?

ತೆನ್ರ್ಯು ದಂಡೆ (ಡಿಸೆಂಬರ್ 8)

ಇವತ್ತು ಬೆಳಗ್ಗೆ ಅಟ್ಟಕ್ಕೆ ಹೋದರೆ ಬಿಳಿ ಪುಡಿ ಬಂದಿತ್ತು. ಆ ಒಂದನ್ನು ಬಿಚ್ಚಿ ಅಜ್ಜಿಗೆ ಕೊಟ್ಟೆ. ಅವರು ಅದನ್ನು ಪುಟ್ಟ ತಟ್ಟೆಯಲ್ಲಿಟ್ಟು, ಮನೆಯೊಳಗಿನ ಬುತ್ಸುದಾನ್, ಅಂದರೆ ಬೌದ್ಧ ಪೂಜಾ ಮಂಟಪದ ಮುಂದೆ, ತೀರಿಹೋದ ಅಜ್ಜನ ಫೋಟೋ ಹತ್ತಿರ ಇಟ್ಟರು. ಗಂಟೆ ಬಾರಿಸಿ ಕೈಮುಗಿದರು. ಉಳಿದ ದಾರಗಳನ್ನು ನಾಳೆ ಇಳಿಸುತ್ತೇವೆ.